ಕನ್ನಡಿ ಬಿಟ್ಟುಹೋದ ಜಾಗ

1,800 ರೂಪಾಯಿ ಕೊಟ್ಟು ನಾನೊಂದು ತೂತು ಕೊಂಡೆ. ಈ ಮಾತು ನನ್ನದಲ್ಲ, ಸೋದರಮಾವನದು. ಪುತ್ತೂರಿನ ಹತ್ತಿರ ಅವರ ಮನೆಯ ಜಗಲಿಯಲ್ಲಿ ಕೂತು ಕೊರಿಯರ್ ಪೊಟ್ಟಣ ಬಿಚ್ಚಿದಾಗ ಒಳಗಿಂದ ಬಂದದ್ದು ಬಳೆಯಷ್ಟು ಅಗಲದ, ಹೆಬ್ಬೆರಳ ಗಿಣ್ಣಿನಷ್ಟು ಎತ್ತರದ ಒಂದು ಕಪ್ಪು ಅಲ್ಯೂಮಿನಿಯಂ ರಿಂಗು. ಮಾವ ಅದನ್ನು ಇಸಿದುಕೊಂಡು ಕಣ್ಣಿಗೆ ಹಿಡಿದು ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆ ನೋಡಿದರು. ಆಮೇಲೆ ತೋರುಬೆರಳು ತೂರಿಸಿ ಆಚೆ ಕಡೆ ಅಲ್ಲಾಡಿಸಿದರು.

“ಇದ್ರೊಳಗೆ ಗ್ಲಾಸು ಎಲ್ಲುಂಟು?”

“ಇಲ್ಲ ಮಾವ. ಎಂತದೂ ಇಲ್ಲ.”

“ಮತ್ತೆ 1,800 ಎಂತಕ್ಕೆ? ತೂತಿಗಾ?”

ತೂತಿಗೇ. ಲೆನ್ಸ್ ಅಡಾಪ್ಟರ್ ಎನ್ನುವ ಈ ಸಾಮಾನಿನಲ್ಲಿ ನಾವು ದುಡ್ಡು ಕೊಡುವುದು ಲೋಹಕ್ಕಲ್ಲ, ಅದರ ಎರಡು ಬಾಯಿಗಳ ನಡುವಿನ ಅಂತರಕ್ಕೆ. ಕ್ಯಾಮೆರಾದಲ್ಲಿ ಲೆನ್ಸು ಕೂರುವ ಮೌಂಟಿನಿಂದ ಹಿಡಿದು ಒಳಗಿನ ಫಿಲ್ಮಿನವರೆಗೆ, ಈಗಾದರೆ ಸೆನ್ಸರಿನವರೆಗೆ, ಇಷ್ಟೇ ದೂರ ಎಂದು ಒಂದು ಲೆಕ್ಕ ಇರುತ್ತದೆ. ಮಾವನ ಹಳೆಯ ಲೆನ್ಸಿನ ಜಾತಿಗೆ, ಅಂದರೆ 42 ಮಿಲಿಮೀಟರ್ ವ್ಯಾಸದ ತಿರುಪು ಇರುವ ಎಂ42 ಮೌಂಟಿಗೆ, ಅದು 45.46 ಮಿಲಿಮೀಟರ್. ನನ್ನ ಸೋನಿ ಬಾಡಿಗೆ 18. ಕಳೆದರೆ ಉಳಿಯುವುದು 27.46. ನಾನು ಕೊಂಡ ತೂತಿನ ಉದ್ದ ಅದು.

ಈ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದು ನೆನಪಾದಾಗಲೆಲ್ಲ ನನಗೆ ಖುಷಿ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತಿತ್ತು. ಓರೆಯಾಗಿ ನಿಂತು, ಲೆನ್ಸಿನಿಂದ ಬಂದ ಬೆಳಕನ್ನು ಮೇಲಕ್ಕೆ, ನಮ್ಮ ಕಣ್ಣಿಗೆ ಕಳಿಸುತ್ತಿತ್ತು. ಬಟನ್ ಒತ್ತಿದರೆ ಟಪ್ಪೆಂದು ಮೇಲೆ ಮಡಚಿಕೊಂಡು ಫಿಲ್ಮಿಗೆ ದಾರಿ ಬಿಡುತ್ತಿತ್ತು. ಅದು ಹಾಗೆ ಏಳಲು ಬೀಳಲು ನಾಲ್ಕು ಸೆಂಟಿಮೀಟರಿಗೂ ಮೇಲ್ಪಟ್ಟು ಜಾಗ ಬೇಕು. 2008ರಲ್ಲಿ ಪ್ಯಾನಸಾನಿಕ್ ಜಿ1 ಬಂದದ್ದೇ ಕನ್ನಡಿ ಹೊರಟಿತು, ಬಾಡಿ ತೆಳ್ಳಗಾಯಿತು. ಕನ್ನಡಿ ಖಾಲಿ ಮಾಡಿಹೋದ ಆ ಕೋಣೆಯನ್ನೇ ಈಗ ಉಂಗುರದ ರೂಪದಲ್ಲಿ ಹೊರಗಿನಿಂದ ಜೋಡಿಸಿಕೊಳ್ಳುತ್ತೇವೆ, ಅಷ್ಟೆ.

ಕನ್ನಡಿ ಇದ್ದ ಬಾಡಿಗಳಲ್ಲಿ ಕಷ್ಟ ಬೇರೆ ಇತ್ತು. ಅದೇ 2008ರ ಕ್ಯಾನನ್ 5ಡಿ ಮಾರ್ಕ್ 2 ವಿಡಿಯೊ ತೆಗೆಯಲು ಶುರುಮಾಡಿದಾಗ ನಮ್ಮಲ್ಲಿ ಹಲವರು ಎಂ42 ಲೆನ್ಸಿಗೆ ಕೈಹಾಕಿದ್ದು ನೆನಪಿದೆ. ಕ್ಯಾನನ್ನಿನ ಅಂತರ 44 ಮಿಲಿಮೀಟರ್. ಹಾಗಾಗಿ ಅಡಾಪ್ಟರ್ ಎಂದರೆ ಒಂದೂವರೆ ಮಿಲಿಮೀಟರಿನ ತಗಡು. ಕೆಲವು ಲೆನ್ಸುಗಳ ಹಿಂಭಾಗ ಒಳಗಿನ ಕನ್ನಡಿಗೆ ತಾಗಿ, ಮೇಲೆದ್ದ ಕನ್ನಡಿ ಕೆಳಗಿಳಿಯದೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ನಿಕಾನ್ ಇಟ್ಟುಕೊಂಡವರಿಗೆ ಆ ಭಾಗ್ಯವೂ ಇಲ್ಲ. ಅವರ ಅಂತರ 46.5, ಲೆನ್ಸು ಬಯಸುವುದಕ್ಕಿಂತ ಒಂದು ಮಿಲಿಮೀಟರ್ ಹೆಚ್ಚೇ. ನಡುವೆ ಒಂದು ಗಾಜು ಸೇರಿಸದೆ ದೂರದ ಗುಡ್ಡ ಫೋಕಸ್ಸಿಗೆ ಬರುವುದೇ ಇಲ್ಲ.

ಇನ್ನು ಆ ಲೆನ್ಸು. ಮಾವ 1980ರ ಸುಮಾರಿಗೆ ಬೊಂಬಾಯಿಯಲ್ಲಿ ನೌಕರಿಯಲ್ಲಿದ್ದಾಗ ಒಂದು ಜೆನಿಟ್-ಇ ಕೊಂಡಿದ್ದರು. ಸೋವಿಯತ್ ದೇಶದ ಮಾಲು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಮೂವತ್ತು ಲಕ್ಷಕ್ಕೂ ಮಿಕ್ಕಿ ತಯಾರಾದ ಕ್ಯಾಮೆರಾ. ಬ್ಯಾಟರಿ ಬೇಡ, ನೆತ್ತಿಯ ಮೇಲಿನ ಸೆಲೆನಿಯಂ ಮೀಟರು ಬೆಳಕನ್ನೇ ತಿಂದು ಮುಳ್ಳು ಅಲ್ಲಾಡಿಸುತ್ತದೆ. ತೂಕ ನೋಡಿದರೆ ಕಾಯಿ ಒಡೆಯಬಹುದು ಅನಿಸುತ್ತದೆ. ಅದರ ಮೂತಿಗೆ ಹೀಲಿಯೋಸ್ 44-2 ಲೆನ್ಸು: 58 ಮಿಲಿಮೀಟರ್, ಎಫ್/2. ನಂಬರು 78ರಿಂದ ಶುರುವಾಗುತ್ತದೆ, ಅಂದರೆ 1978ರಲ್ಲಿ ಹುಟ್ಟಿದ್ದು. ಪಕ್ಕದಲ್ಲಿ ಒಂದು ಪ್ರಿಸಂ, ಅದರೊಳಗೆ ಹಾಯುವ ಕಿರಣ. ಮಾಸ್ಕೋದ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯ ಮುದ್ರೆ ಅದು.

ಬೇರು ಮಾತ್ರ ಜರ್ಮನಿಯದು. ಯೇನಾ ನಗರದ ಕಾರ್ಲ್ ಝೈಸ್ ಕಂಪನಿಯಲ್ಲಿ ವಿಲ್ಲಿ ಮೆರ್ಟೆ ಎಂಬಾತ 1930ರ ದಶಕದಲ್ಲಿ ರೂಪಿಸಿದ ಬಯೋಟಾರ್ ಲೆನ್ಸಿನ ನಕಲು ಈ ಹೀಲಿಯೋಸ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ರಷ್ಯಕ್ಕೆ ಹೋದ ಸರಕಿನಲ್ಲಿ ಲೆನ್ಸುಗಳ ನಕ್ಷೆಗಳೂ ಇದ್ದವು. ಆರು ಗಾಜು, ನಾಲ್ಕು ಗುಂಪು. ತೆರೆದಿಟ್ಟಾಗ ನಡುವೆ ಚೂಪು, ಅಂಚಿಗೆ ಹೋದಹಾಗೆ ಮಸುಕು. ಲೆನ್ಸ್ ಪರೀಕ್ಷೆಯ ಚಾರ್ಟಿನ ಮುಂದೆ ನಿಲ್ಲಿಸಿದರೆ ಫೇಲು. ಆದರೆ ಎಲೆಗಳ ನಡುವಿಂದ ಬೆಳಕು ತೂರುತ್ತಿರುವ ಒಂದು ಮಾವಿನ ಮರದ ಮುಂದೆ ಯಾರನ್ನಾದರೂ ನಿಲ್ಲಿಸಿ ನೋಡಿ. ಮುಖದ ಹಿಂದೆ ಆ ಬೆಳಕಿನ ಚುಕ್ಕಿಗಳು ನಟ್ಟನಡುವೆ ದುಂಡಗೆ ಇರುತ್ತವೆ. ಹೊರಕ್ಕೆ ಹೋದಂತೆ ಬೆಕ್ಕಿನ ಕಣ್ಣಿನ ಹಾಗೆ ಸೀಳಾಗಿ, ಎಲ್ಲವೂ ಒಂದೇ ಕಡೆ ವಾಲಿ, ಮೊಸರು ಕಡೆಯುವಾಗ ಏಳುವ ಸುಳಿಯಂತೆ ಮುಖದ ಸುತ್ತ ತಿರುಗುತ್ತವೆ. ಕಾರಣ ಬಡತನದ್ದು. ಲೆನ್ಸಿನ ಕೊಳವೆ ಓರೆಯಾಗಿ ಬರುವ ಬೆಳಕಿನ ಒಂದು ಪಾಲನ್ನು ಕತ್ತರಿಸಿಬಿಡುತ್ತದೆ, ಜತೆಗೆ ಅಂಚಿನ ಫೋಕಸ್ಸು ಬಾಗಿಕೊಂಡಿರುತ್ತದೆ. ಅಪರ್ಚರನ್ನು ಎಫ್/4ಕ್ಕೆ ಇಳಿಸಿದಿರೋ, ಸುಳಿ ನಿಂತುಹೋಗುತ್ತದೆ, ಲೆನ್ಸು ಸಭ್ಯವಾಗುತ್ತದೆ. ಹಾಗೆ ಸಭ್ಯವಾಗುವ ಲೆನ್ಸುಗಳು ನನ್ನ ಬಳಿ ಬೇರೆ ಇವೆ.

ಸುಳಿಗಿಂತಲೂ ನನಗೆ ರುಚಿಸಿದ್ದು ಬೇರೊಂದು. ಜೆನಿಟ್-ಇಯಲ್ಲಿ ಅಪರ್ಚರ್ ತಾನಾಗಿ ಮುಚ್ಚಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಈ ಲೆನ್ಸಿಗೆ ಎರಡು ಅಪರ್ಚರ್ ರಿಂಗು ಕೊಟ್ಟರು. ಮೊದಲನೆಯದು ಕಟಕಟ ಸದ್ದು ಮಾಡುತ್ತ ಮಿತಿ ಹಾಕುತ್ತದೆ: ಎಫ್/8 ಅಂದರೆ 8, ಅದಕ್ಕಿಂತ ಮುಂದೆ ಹೋಗಬೇಡ. ಎರಡನೆಯದು ಆ ಮಿತಿಯೊಳಗೆ ಎಣ್ಣೆಯಲ್ಲಿ ಅದ್ದಿದ ಹಾಗೆ ಸದ್ದಿಲ್ಲದೆ, ಮೆಟ್ಟಿಲಿಲ್ಲದೆ ತೆರೆದು ಮುಚ್ಚುತ್ತದೆ. ಸ್ಟಿಲ್ ಫೋಟೋ ತೆಗೆಯುವವರಿಗೆ ಇದೊಂದು ಪೀಡೆ. ತೆರೆದು ಫೋಕಸ್ ಮಾಡು, ಮುಚ್ಚು, ಒತ್ತು. ವಿಡಿಯೊದವರಿಗೆ ಮಾತ್ರ ವರ. ಪಾತ್ರಧಾರಿ ಕೋಣೆಯ ಕತ್ತಲಿಂದ ಅಂಗಳದ ಬಿಸಿಲಿಗೆ ಬರುವಾಗ ಶಾಟ್ ಕತ್ತರಿಸದೆ ಬೆಳಕನ್ನು ಬೆರಳಲ್ಲೇ ಇಳಿಸಬಹುದು. ಇವತ್ತಿನ ಎಷ್ಟೋ ಸಿನಿಮಾ ಲೆನ್ಸುಗಳಲ್ಲಿ ಇದೇ ನಯಕ್ಕೆ ಲಕ್ಷಗಟ್ಟಲೆ ಕೊಡಬೇಕು.

ಫೋಕಸ್ ರಿಂಗಿನದೂ ಅದೇ ಕಥೆ. ಎಷ್ಟೋ ಹೊಸ ಲೆನ್ಸುಗಳ ರಿಂಗು ಸುಮ್ಮನೆ ಒಂದು ಗುಂಡಿ. ನಾವು ತಿರುಗಿಸಿದ್ದನ್ನು ಒಳಗಿನ ಮೋಟಾರಿಗೆ ವರದಿ ಮಾಡುತ್ತದೆ. ಬೇಗ ತಿರುಗಿಸಿದರೆ ಹೆಚ್ಚು ಓಡುತ್ತದೆ, ನಿಧಾನಕ್ಕೆ ತಿರುಗಿಸಿದರೆ ಕಡಿಮೆ. ಎರಡು ತುದಿಗೂ ತಡೆ ಇಲ್ಲ, ಸುತ್ತುತ್ತಲೇ ಇರಬಹುದು. ಹೀಲಿಯೋಸಿನ ರಿಂಗಿಗೆ ಎರಡು ಗೋಡೆ ಇವೆ. ಈ ಕಡೆ ಅರ್ಧ ಮೀಟರು, ಆ ಕಡೆ ಅನಂತ. ನಡುವೆ ಅರ್ಧ ಸುತ್ತಿಗೂ ಮಿಕ್ಕಿದ ಪ್ರಯಾಣ. ವೈರಿಂಗಿನವರು ಬಳಸುವ ಟೇಪು ಒಂದಿಷ್ಟು ಅಂಟಿಸಿ ಬಿಳಿ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟರೆ ಹತ್ತನೆಯ ಸಲವೂ ಕೈ ಅದೇ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಮೊದಲು ಮಾತ್ರ ನಮ್ಮ ಲೆನ್ಸಿನಲ್ಲಿ ಗ್ರೀಸು ಗಟ್ಟಿಯಾಗಿ, ತಿರುಗಿಸಿದರೆ ಬೀಸುವ ಕಲ್ಲಿನ ಅನುಭವ. ಮಂಗಳೂರಿನ ಒಬ್ಬ ಹಿರಿಯ ರಿಪೇರಿಯವರು ಬಿಚ್ಚಿ, ಹಳೇ ಗ್ರೀಸನ್ನು ಟೂತ್‌ಬ್ರಶ್ಶಿನಲ್ಲಿ ಉಜ್ಜಿ ತೆಗೆದು, ಹೊಸದನ್ನು ಅಕ್ಕಿಕಾಳಿನಷ್ಟೇ ಹಚ್ಚಿ ಕೊಟ್ಟರು. “ತುಂಬ ಹಾಕಿದ್ರೆ ಬ್ಲೇಡಿಗೆ ಇಳೀತದೆ ಮಾರಾಯ್ರೆ” ಎಂದರು. ಅವರು ಹೇಳದೆ ಇದ್ದ ಇನ್ನೊಂದನ್ನು ನಾನೇ ಕಲಿತೆ: ಎಂ42 ಎಂದರೆ ತಿರುಪು. ಫೋಕಸ್ಸನ್ನು ಗೋಡೆಗೆ ಗುದ್ದುವಷ್ಟು ಜೋರಾಗಿ ತಿರುಗಿಸಿದರೆ ಲೆನ್ಸೇ ಅಡಾಪ್ಟರಿನಿಂದ ಕಳಚಿಕೊಳ್ಳಲು ಶುರುಮಾಡುತ್ತದೆ.

ಸುಳ್ಯದ ಕಡೆಯ ಒಂದು ಯಕ್ಷಗಾನ ಬಯಲಾಟಕ್ಕೆ ಹೊರಟಾಗ ನನ್ನ ಚೀಲದಲ್ಲಿ ಇದ್ದದ್ದು ಎರಡು ಹಳೇ ಲೆನ್ಸು, ಎರಡು ಅಡಾಪ್ಟರು. ರಂಗಸ್ಥಳದ ಅಗಲ ನೋಟಕ್ಕೆ ಗೆಳೆಯನಿಂದ ಕಡ ತಂದ 24 ಮಿಲಿಮೀಟರಿನದು, ವೇಷ ಕಟ್ಟುವ ಚೌಕಿಗೆ ಹೀಲಿಯೋಸ್. 24ರ ಮೌಂಟು ಬೇರೆ, ಹಾಗಾಗಿ ಅದರ ಅಡಾಪ್ಟರೂ ಬೇರೆ. ಅದನ್ನು ನಾನು ಇನ್ನೂ ಅಗ್ಗಕ್ಕೆ, 600 ರೂಪಾಯಿಗೆ ತರಿಸಿದ್ದೆ. ಯಾರು ಮಾಡಿದ್ದೋ, ಪೊಟ್ಟಣದ ಮೇಲೂ ಹೆಸರಿರಲಿಲ್ಲ. ರಾತ್ರಿಯಿಡೀ ಆ ಲೆನ್ಸು ಟ್ರೈಪಾಡಿನ ಮೇಲೆ ನಿಂತು ಆಟ ಹಿಡಿಯಿತು. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲ ಚೆಂದವೇ. ಮನೆಗೆ ಬಂದು ದೊಡ್ಡ ಟಿವಿಗೆ ಹಾಕಿದರೆ ಚೆಂಡೆ ಮದ್ದಳೆಯವರು, ಭಾಗವತರು, ಕುಣಿಯುವ ವೇಷ, ಎಲ್ಲರೂ ಮಂಜು ಹಿಡಿದ ಕನ್ನಡಕದಲ್ಲಿ ಕಂಡಂತೆ.

ಕ್ಯಾಲಿಪರ್ ತಂದು ಅಳೆದೆ. ಅಡಾಪ್ಟರ್ ಇರಬೇಕಾದ್ದಕ್ಕಿಂತ ಹತ್ತನೇ ಒಂದು ಮಿಲಿಮೀಟರಿನಷ್ಟು ದಪ್ಪ. ಹತ್ತನೇ ಒಂದು ಎಂದರೆ ಒಂದು ಝೆರಾಕ್ಸ್ ಹಾಳೆ. ಆದರೆ 24ರ ಲೆನ್ಸಿಗೆ ಹಾಳೆಯೂ ಗೋಡೆಯೇ. ಲೆಕ್ಕ ಹಾಕಿದರೆ, ಆ ಒಂದು ಹಾಳೆಯ ದಪ್ಪದಿಂದ ಅದು ನೋಡಬಲ್ಲ ದೂರ ಅನಂತದಿಂದ ಆರು ಮೀಟರಿಗೆ ಕುಸಿಯುತ್ತದೆ. ಅಲ್ಲಿಂದಾಚೆ ಎಲ್ಲ ಮಸುಕು. ರಂಗಸ್ಥಳ ನನ್ನಿಂದ ಹದಿನೈದು ಮೀಟರಿನಲ್ಲಿತ್ತು. ಅದೇ ದೋಷ 58ರ ಲೆನ್ಸಿಗಾದರೆ ಮೂವತ್ತು ಮೀಟರಿನಾಚೆ ಮಾತ್ರ ತೊಂದರೆ. ಲೆನ್ಸು ಅಗಲವಾದಷ್ಟೂ ಅಡಾಪ್ಟರ್ ಕರಾರುವಾಕ್ಕಾಗಿರಬೇಕು ಎನ್ನುವುದನ್ನು ಓದಿದ್ದೆ, ಆವತ್ತು ಉಂಡೆ. ಈ ಭಯಕ್ಕೇ ಹೆಚ್ಚಿನ ತಯಾರಕರು ಅಡಾಪ್ಟರನ್ನು ತುಸು ತೆಳುವಾಗಿಯೇ ಮಾಡುತ್ತಾರೆ. ಆಗ ಅನಂತ ಖಂಡಿತ ಸಿಗುತ್ತದೆ, ದೂರದ ಗುರುತುಗಳು ಮಾತ್ರ ಸುಳ್ಳಾಗುತ್ತವೆ. ಬೇಕಾದರೆ ಹಿತ್ತಾಳೆಯ ತೆಳು ತಗಡು ಕತ್ತರಿಸಿ ನಡುವೆ ಇಟ್ಟು ಸರಿಮಾಡಿಕೊಳ್ಳಬಹುದು. ದಪ್ಪಗಿನದನ್ನು ಏನು ಮಾಡುವುದು? ಮಾವನಿಗೆ ಕೊಟ್ಟೆ. ಅವರು ಅದನ್ನು ಎಣ್ಣೆ ಡಬ್ಬಿಗೆ ಅಡಿಯಾಗಿ ಇಟ್ಟುಕೊಂಡಿದ್ದಾರೆ.

ಹೀಲಿಯೋಸಿನ ಅಡಾಪ್ಟರಿನಲ್ಲೂ ಒಂದು ಕುಂದಿತ್ತು. ಒಳಗೋಡೆಗೆ ಬಳಿದ ಕಪ್ಪು ಹೊಳೆಯುತ್ತಿತ್ತು. ಚೌಕಟ್ಟಿನ ಹೊರಗಿದ್ದ ಬಲ್ಬಿನ ಬೆಳಕು ಆ ಗೋಡೆಗೆ ಬಡಿದು ಚಿತ್ರದ ನಡುವೆ ಮಜ್ಜಿಗೆ ಚೆಲ್ಲಿದ ಹಾಗೆ ಹರಡುತ್ತಿತ್ತು. ಅತ್ತೆಯ ಹೊಲಿಗೆ ಪೆಟ್ಟಿಗೆಯಿಂದ ಕರಿ ಮಖಮಲ್ಲಿನ ಚೂರು ತಂದು, ಅಳತೆಗೆ ಕತ್ತರಿಸಿ ಒಳಗೆ ಅಂಟಿಸಿದೆ. ಮಜ್ಜಿಗೆ ಹೋಯಿತು. ಖಾಲಿ ಜಾಗವನ್ನೂ ಸಿಂಗರಿಸಬೇಕಾಗುತ್ತದೆ ನೋಡಿ.

ಖಾಲಿ ಜಾಗಕ್ಕೆ ಗಾಜು ತುಂಬುವವರೂ ಇದ್ದಾರೆ. ಮೆಟಾಬೋನ್ಸ್ ಕಂಪನಿ 2013ರಲ್ಲಿ ತಂದ ಸ್ಪೀಡ್ ಬೂಸ್ಟರ್ ಅಂಥದು. ದೊಡ್ಡ ಲೆನ್ಸಿನ ಬಿಂಬವನ್ನು 0.71ರಷ್ಟಕ್ಕೆ ಕುಗ್ಗಿಸಿ ಸಣ್ಣ ಸೆನ್ಸರಿನ ಮೇಲೆ ಬೀಳಿಸುತ್ತದೆ; ಬೆಳಕು ಸಾಂದ್ರವಾಗಿ ಒಂದು ಸ್ಟಾಪು ಲಾಭ, ಎಫ್/2 ಎಂಬುದು ಎಫ್/1.4 ಆಗುತ್ತದೆ. ಹಾಲು ಬತ್ತಿಸಿದ ಹಾಗೆ. ಚತುರ ಕೆಲಸ, ಸಂದೇಹವಿಲ್ಲ. ಸಣ್ಣ ಸೆನ್ಸರಿನ ಗೆಳೆಯರಿಗೆ ನಾನೇ ಹೇಳುತ್ತೇನೆ, ತಗೊಳ್ಳಿ ಎಂದು. ನನಗೆ ಮಾತ್ರ ಗಾಳಿಯೇ ಸಾಕು. ಬಯೋಟಾರಿನ ಆರು ಗಾಜಿಗೆ ಇನ್ನೊಬ್ಬರ ಗಾಜು ಸೇರಿಸಿ ನೋಡುವುದು, ಯಾಕೋ, ಬೇರೆಯವರ ಬಾಯಲ್ಲಿ ಕಥೆ ಕೇಳಿದಂತೆ.

ಲೆನ್ಸಿಗಾಗಿ ಕ್ಯಾಮೆರಾವನ್ನೇ ಬಲಿ ಕೊಟ್ಟವರೂ ಉಂಟು. ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದ ಒಳಾಂಗಣವನ್ನು ಮೇಣದಬತ್ತಿಯ ಬೆಳಕಲ್ಲೇ ತೆಗೆಯುತ್ತೇನೆಂದು ಹಟ ಹಿಡಿದು, ನಾಸಾಕ್ಕಾಗಿ ಝೈಸ್ ತಯಾರಿಸಿದ್ದ 50 ಮಿಲಿಮೀಟರ್ ಎಫ್/0.7 ಲೆನ್ಸುಗಳನ್ನು ಕೊಂಡ. ಆ ಲೆನ್ಸಿನ ಕೊನೆಯ ಗಾಜು ಫಿಲ್ಮಿಗೆ ನಾಲ್ಕು ಮಿಲಿಮೀಟರಿನಷ್ಟು ಹತ್ತಿರ ಕೂರಬೇಕು. ಎಡ್ ಡಿಜೂಲಿಯೋ ಎಂಬ ತಂತ್ರಜ್ಞ ಮಿಚೆಲ್ ಬಿಎನ್‌ಸಿ ಕ್ಯಾಮೆರಾದ ಒಳಗನ್ನು ಕೊರೆದು ಜಾಗ ಮಾಡಿದ. ಆಮೇಲೆ ಆ ಕ್ಯಾಮೆರಾಕ್ಕೆ ಬೇರೆ ಲೆನ್ಸು ಹಾಕುವ ಹಾಗೇ ಇರಲಿಲ್ಲ. ಆ ದೀಪದ ಬೆಳಕಿನಲ್ಲಿ ಜೂಜಾಡುವ ಮುಖಗಳನ್ನು ನೋಡಿದಾಗೆಲ್ಲ, ಅವು ಒಂದೆರಡು ಇಂಚು ಮುಂದೆ ಬಾಗಿದರೂ ಫೋಕಸ್ ಹೋಗುತ್ತಿತ್ತಲ್ಲ ಎಂದು ನನ್ನ ಕೈಯೇ ರಿಂಗು ಹುಡುಕುತ್ತದೆ. ನಮ್ಮ ಹೀಲಿಯೋಸಿನ ಕುಲಕ್ಕೂ ಈಚೆಗೆ ರಾಜಯೋಗ ಬಂದಿದೆ. 2024ರ ‘ಡ್ಯೂನ್: ಪಾರ್ಟ್ ಟೂ’ ಚಿತ್ರಕ್ಕೆ ಛಾಯಾಗ್ರಾಹಕ ಗ್ರೆಗ್ ಫ್ರೇಸರ್ ಹಳೆಯ ಸೋವಿಯತ್ ಗಾಜುಗಳಿಗೆ ಸಿನಿಮಾ ಲೆನ್ಸಿನ ಹೊಸ ಕವಚ ತೊಡಿಸಿ ಬಳಸಿದ್ದಾನೆ.

ಒಂದು ಅಡ್ಡಮಾತು. ಹಳೇ ಲೆನ್ಸು ಹುಡುಕಿ ಹೊರಟವರಿಗೆ ಏಳು ಗಾಜಿನ ಸೂಪರ್ ಟಾಕುಮಾರ್ 50 ಎಫ್/1.4 ಸಿಕ್ಕರೆ, ಗಾಜು ಚಹಾದ ಬಣ್ಣಕ್ಕೆ ತಿರುಗಿದೆ ಎಂದು ಬಿಟ್ಟುಬರಬೇಡಿ. ಅದರ ಗಾಜಿಗೆ ಥೋರಿಯಂ ಬೆರೆಸಿದ್ದಾರೆ; ಆ ವಿಕಿರಣಕ್ಕೇ ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಕೆಲವು ವಾರ ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ. ನನ್ನ ಗೆಳೆಯನೊಬ್ಬ ಹಲಸಿನ ಹಪ್ಪಳದ ಚಾಪೆಯ ಮೂಲೆಯಲ್ಲಿ ಇಟ್ಟಿದ್ದ. ಮೂರನೆಯ ದಿನ ಒಂದು ಹಪ್ಪಳಕ್ಕೆ ನಾಣ್ಯದಷ್ಟು ಕಪ್ಪು ಕಲೆ. ಲೆನ್ಸು ಬಿಸಿಲನ್ನು ಒಟ್ಟುಮಾಡುತ್ತದೆ ಎನ್ನುವುದು ಅವನಿಗೆ ಮರೆತೇಹೋಗಿತ್ತು. ಕೆಳಗೆ ಅಲ್ಯೂಮಿನಿಯಂ ಫಾಯಿಲ್ ಹಾಸಬೇಕು. ಮಳೆಗಾಲದಲ್ಲಿ ಫಂಗಸ್ ಬಾರದಿರಲೆಂದು ಅಕ್ಕಿ ಡಬ್ಬಿಯಲ್ಲಿಡುವುದೂ ಬೇಡ. ಅಕ್ಕಿಯ ಹುಡಿ ರಿಂಗಿನ ಸಂದಿಗೆ ಇಳಿಯುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಆಗಾಗ ಜೆಲ್ಲನ್ನು ಹುರಿದು ಒಣಗಿಸಿಕೊಳ್ಳುವುದು. ಕರಾವಳಿಯಲ್ಲಿ ಲೆನ್ಸು ಸಾಕುವುದು ಎಂದರೆ ಅರ್ಧ ಉಪ್ಪಿನಕಾಯಿ ಸಾಕಿದ ಹಾಗೆ.

ಸರಿ, ಚೌಕಿ.

ಚೌಕಿಯಲ್ಲಿ ಪೆಟ್ಟಿಗೆಗಳ ಮೇಲೆ ಪುಟ್ಟ ಪುಟ್ಟ ಕನ್ನಡಿ ಇಟ್ಟುಕೊಂಡು ವೇಷಧಾರಿಗಳು ಸಾಲಾಗಿ ಕೂತಿದ್ದರು. ನಾನು ಹಿಡಿದದ್ದು ಬಣ್ಣದ ವೇಷದ ಒಬ್ಬ ಹಿರಿಯರನ್ನು. ಮುಖಕ್ಕೆ ಕೆಂಪು ಕಪ್ಪು ಬರೆದಾಗಿತ್ತು. ಅಕ್ಕಿ ಹಿಟ್ಟು ಸುಣ್ಣ ಕಲಸಿದ ಬಿಳಿಯನ್ನು ಸಣ್ಣ ಕಡ್ಡಿಯಲ್ಲಿ ಎತ್ತಿ ಹುಬ್ಬಿನಿಂದ ಕೆನ್ನೆಗೆ ಸಾಲಾಗಿ ಚಿಟ್ಟಿ ಇಡುತ್ತಿದ್ದರು. ಒಂದರ ಮೇಲೊಂದು ಇಟ್ಟು, ಮುಳ್ಳಿನ ಹಾಗೆ ಎಬ್ಬಿಸಿ. ಗಂಟೆಗಟ್ಟಲೆಯ ಕೆಲಸ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತದ್ದನ್ನು ಕನ್ನಡಿಯಲ್ಲೇ ನೋಡಿ, ತುಟಿ ಅಲುಗಿಸದೆ ಕೇಳಿದರು: “ಇದೆಂತ ಮಾರಾಯ್ರೆ, ನೀರಿನ ಪಂಪಿನ ಸಾಮಾನಾ?”

ಪಂಪೇ. ಮೂತಿ ಉದ್ದ, ಗೀರು ಬಿದ್ದ ಲೋಹ, ಹಿಂದೆ ನನ್ನ 27.46 ಮಿಲಿಮೀಟರಿನ ಕತ್ತು. ಕ್ಯಾಮೆರಾಕ್ಕಂತೂ ತನ್ನ ಮುಂದೆ ಲೆನ್ಸು ಇದೆ ಎನ್ನುವುದೇ ಗೊತ್ತಿಲ್ಲ. ನಡುವೆ ವಿದ್ಯುತ್ ಸಂಪರ್ಕ ಇಲ್ಲವಲ್ಲ. ಲೆನ್ಸ್ ಇಲ್ಲದಿದ್ದರೂ ಓಡು ಎಂದು ಮೆನುವಿನಲ್ಲಿ ಹೇಳಿಟ್ಟಿರಬೇಕು, ಕೈ ನಡುಕ ತಡೆಯುವ ವ್ಯವಸ್ಥೆಗೆ ಲೆನ್ಸಿನ ಉದ್ದವನ್ನು ನಾವೇ ಬರೆದುಕೊಡಬೇಕು. ಬರೆಯದೆ ಬಿಟ್ಟರೆ ಚಿತ್ರ ದೋಣಿಯಲ್ಲಿ ಕೂತಂತೆ ತೇಲುತ್ತದೆ. ಸೆಕೆಂಡಿಗೆ 25 ಫ್ರೇಮು, ಶಟರು 50ರಲ್ಲಿ ಒಂದು. ನಮ್ಮ ಕರೆಂಟಿನ 50 ಹರ್ಟ್ಸಿಗೆ ಅದು ಹೊಂದುತ್ತದೆ, ಎಲ್‌ಇಡಿ ಬಲ್ಬುಗಳು ಮಿಣುಕುವುದಿಲ್ಲ. ಅಪರ್ಚರ್ ಪೂರ್ತಿ ತೆರೆದು ಎಫ್/2.

ಅರವತ್ತು ಸೆಂಟಿಮೀಟರ್ ದೂರದಲ್ಲಿ, ಎಫ್/2ರಲ್ಲಿ, ಈ ಲೆನ್ಸಿಗೆ ಸ್ಪಷ್ಟವಾಗಿ ಕಾಣುವ ಆಳ ಹನ್ನೆರಡು ಮಿಲಿಮೀಟರ್. ಹುಬ್ಬಿನ ಚಿಟ್ಟಿ ಚೂಪಾದರೆ ಕಿವಿಯ ಓಲೆ ಕರಗುತ್ತದೆ. ಅವರು ಉಸಿರೆಳೆದರೆ ಎದೆ ಏರಿ ತಲೆ ಒಂದಿಷ್ಟು ಹಿಂದೆ ಹೋಗುತ್ತದೆ, ನನ್ನ ಬೆರಳು ಒಂದಿಷ್ಟು ತಿರುಗುತ್ತದೆ. ಉಸಿರು ಬಿಟ್ಟರೆ ಮತ್ತೆ ವಾಪಸು. ಹತ್ತು ನಿಮಿಷದಲ್ಲಿ ಅವರ ಉಸಿರಿನ ಲಯ ನನ್ನ ಬೆರಳಿಗೆ ಬಂತು. ಬಿಳಿ ಚಿಟ್ಟಿಯ ತುದಿ ಇನ್ನೂ ಹಸಿ. ಪ್ರತಿಯೊಂದರ ಮೇಲೂ ಬಲ್ಬಿನದೊಂದು ಸಾಸಿವೆಯಷ್ಟು ಹೊಳಪು. ಹೊಸ ಲೆನ್ಸಾಗಿದ್ದರೆ ಆ ಬಿಳಿಯನ್ನೂ ಪಕ್ಕದ ಮಸಿಯನ್ನೂ ಚಾಕುವಿನಲ್ಲಿ ಕೊಯ್ದ ಹಾಗೆ ಬೇರ್ಪಡಿಸುತ್ತಿತ್ತು. ಇದರ ಹಳೇ ಲೇಪನ ಅಷ್ಟು ಕಟ್ಟುನಿಟ್ಟಲ್ಲ. ಬಿಳಿಯ ಬೆಳಕು ತುಸುವೇ ಸೋರಿ ಮಸಿಯ ಮೇಲೆ ಹರಡಿ, ಕಪ್ಪಿಗೂ ಚರ್ಮದ ಬಿಸಿ ಬರುತ್ತದೆ. ಹಿಂದೆ, ದೂರದಲ್ಲಿ, ತೂಗುಬಿಟ್ಟ ಬಲ್ಬುಗಳು ಸೀಳುಗಣ್ಣಾಗಿ ಅವರ ತಲೆಯ ಸುತ್ತ ಸುಳಿಯತೊಡಗಿದ್ದವು. ಇನ್ನೂ ಕಿರೀಟ ಇಟ್ಟಿರಲಿಲ್ಲ.

ಕೊನೆಯ ಚಿಟ್ಟಿ ಇಟ್ಟು ಅವರು ಕಡ್ಡಿ ಕೆಳಗಿಟ್ಟು ಕನ್ನಡಿ ನೋಡಿಕೊಂಡರು. ನನಗೆ ಬೇಕಾದದ್ದು ಅದೇ: ಈ ಕಡೆಯ ಕೆನ್ನೆಯಿಂದ ಕನ್ನಡಿಯೊಳಗಿನ ಮುಖಕ್ಕೆ ಫೋಕಸ್ ದಾಟಿಸುವುದು. ಕನ್ನಡಿಯ ಗಾಜಿಗೆ ಫೋಕಸ್ ಮಾಡಿದರೆ ಅದರ ಮೇಲಿನ ಧೂಳು ಕಾಣುತ್ತದೆ, ಮುಖವಲ್ಲ. ಮುಖ ಇರುವುದು ಗಾಜಿನ ಹಿಂದೆ; ನನ್ನಿಂದ ಕನ್ನಡಿಗೆಷ್ಟು, ಕನ್ನಡಿಯಿಂದ ಅವರಿಗೆಷ್ಟು, ಎರಡನ್ನೂ ಕೂಡಿಸಿದಷ್ಟು ದೂರದಲ್ಲಿ. ಅರವತ್ತು ಸೆಂಟಿಮೀಟರಿನಿಂದ ಒಂದು ಮೀಟರು ಮೂವತ್ತಕ್ಕೆ. ಕೇಳಲು ಸಣ್ಣದು, ರಿಂಗಿನ ಒಟ್ಟು ಪ್ರಯಾಣದಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಇದೆ. ಟೇಪಿನ ಎರಡು ಗುರುತುಗಳ ನಡುವೆ ನಿಧಾನಕ್ಕೆ ತಿರುಗಿಸಿದೆ. ಕೆನ್ನೆ ಕರಗಿತು. ಒಂದು ಕ್ಷಣ ಯಾವುದೂ ಇಲ್ಲ, ಬರೀ ಕೆಂಪು ಕಪ್ಪು ಬಿಳಿಯ ರಾಡಿ. ಅದರೊಳಗಿಂದ ಎರಡು ಕಣ್ಣು ಎದ್ದು ಬಂದವು. ಅಷ್ಟು ಹೊತ್ತು ನನ್ನ ಜೊತೆ ತಮಾಷೆ ಮಾಡಿದವರ ಕಣ್ಣಲ್ಲ ಅವು.

ಒಟ್ಟು ಹನ್ನೊಂದು ಸೆಕೆಂಡಿನ ಶಾಟು. ಮುಂದಿನ ವಾರ ಮಾವನ ಮನೆಯ ಟಿವಿಗೆ ಜೋಡಿಸಿ ತೋರಿಸಿದೆ. ಎರಡು ಸಲ ಹಾಕಿಸಿಕೊಂಡು ನೋಡಿದರು. ಚಿಟ್ಟಿಯ ಬಗ್ಗೆಯಾಗಲಿ ಕಣ್ಣಿನ ಬಗ್ಗೆಯಾಗಲಿ ಮಾತಿಲ್ಲ. ಎದ್ದು ಒಳಗೆ ಹೋಗಿ ಕಪಾಟಿನಿಂದ ಒಂದು ಆಲ್ಬಂ ತಂದರು. ಟ್ರೇಸಿಂಗ್ ಕಾಗದದ ಹಾಳೆ ಸರಿಸಿ ಒಂದು ಕಪ್ಪು ಬಿಳುಪು ಫೋಟೋ ತೋರಿಸಿದರು. ಮದುವೆಯಾದ ಹೊಸತರಲ್ಲಿ ಅತ್ತೆ, ಹಲಸಿನ ಮರದ ಕೆಳಗೆ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಹಿಂದಿನ ಎಲೆಗಳ ಬೆಳಕೆಲ್ಲ ಸೀಳು ಸೀಳಾಗಿ ಅವರ ಸುತ್ತ ತಿರುಗುತ್ತಿತ್ತು. ಮಾವ ಉಗುರಿನ ತುದಿಯಿಂದ ಆ ಸುಳಿಯನ್ನು ಸುತ್ತು ಹಾಕಿ ತೋರಿಸಿದರು.

“ಇದೇ ಅಲ್ವಾ?”

“ಇದೇ ಮಾವ.”

“ಛೆ,” ಎಂದರು. “ಫಿಲ್ಮ್ ತೊಳೆದವ ಹಾಳು ಮಾಡಿದ ಅಂತ ಸ್ಟುಡಿಯೋದ ಹುಡುಗನಿಗೆ ಆವತ್ತು ಬಾಯಿಗೆ ಬಂದಂತೆ ಬೈದಿದ್ದೆ. ಎರಡು ರೂಪಾಯಿ ಕಮ್ಮಿಯೂ ಕೊಟ್ಟಿದ್ದೆ.”